ಉತಾರದಲ್ಲಿ ಇಲ್ಲದ ಹೆಸರು: ರೈತ ಮನೆತನದ ದಾಖಲೆಗಳ ಮೂಲಕ ‘ಆಧಾರಗಳು’ ಪಾಠ

ಪೀಠಿಕೆ

ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸ ಭಾಗದ ಮೊದಲ ಪಾಠ ‘ಆಧಾರಗಳು’. ಶಾಲಾ ಇಂಟರ್ನ್‌ಶಿಪ್ ಆರಂಭವಾದ ಕೂಡಲೇ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರು ಇದೇ ಪಾಠವನ್ನು ಆಯ್ದುಕೊಳ್ಳುತ್ತಾರೆ. ಪಾಠಯೋಜನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಬರುತ್ತವೆ. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಮೌಖಿಕ ಆಧಾರ ಎಂಬ ವರ್ಗೀಕರಣ ಕಪ್ಪುಹಲಗೆಯ ಮೇಲೆ ಬೀಳುತ್ತದೆ. ಒಂದು ಶಾಸನದ ಚಿತ್ರ, ಎರಡು ನಾಣ್ಯಗಳ ಚಿತ್ರ ತೋರಿಸಲಾಗುತ್ತದೆ. ಮಕ್ಕಳು ಉತ್ತರವನ್ನು ಕಂಠಪಾಠ ಮಾಡುತ್ತಾರೆ. ಆದರೆ ಆಧಾರವೊಂದನ್ನು ಕೈಯಲ್ಲಿ ಹಿಡಿದು ‘ಇದು ಏನು ಹೇಳುತ್ತದೆ, ಏನು ಹೇಳುವುದಿಲ್ಲ’ ಎಂದು ಕೇಳುವ ಅವಕಾಶ ಅವರಿಗೆ ಸಿಗುವುದಿಲ್ಲ.

ಈ ಕೊರತೆ ನೀಗಿಸಲು ರೈತ ಮನೆತನಗಳ ದಾಖಲೆಗಳನ್ನೇ ಬೋಧನೋಪಕರಣವಾಗಿ ಬಳಸಿ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಾಲ್ಕು ಪ್ರೌಢಶಾಲೆಗಳಲ್ಲಿ ಪಾಠ ಮಾಡಿಸಿದೆವು. ಮೊದಲನೆಯದನ್ನು ಮಾದರಿ ಪಾಠವಾಗಿ ನಾನೇ ಬೋಧಿಸಿದೆ. ಉಳಿದ ಮೂರನ್ನು ಪ್ರಶಿಕ್ಷಣಾರ್ಥಿಗಳು ಬೋಧಿಸಿದರು, ನಾನು ವೀಕ್ಷಿಸಿದೆ. ನನ್ನ ಪಾಠದಲ್ಲಿ ಎರಡು ತಪ್ಪುಗಳಾದವು. ಅವುಗಳನ್ನು ತಿದ್ದಿಕೊಂಡ ಬಗೆಯೇ ಈ ಲೇಖನದ ಮುಖ್ಯ ವಿಷಯ.

ದಾಖಲೆಗಳ ಹಿನ್ನೆಲೆ

ಪಾಠಕ್ಕೆ ಇಳಿಯುವ ಮೊದಲು ಬೋಧಕರಿಗೆ ಈ ಕಾಗದಗಳ ಇತಿಹಾಸ ಗೊತ್ತಿರಬೇಕು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಭಾಗಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಮುಂಬಯಿ ಪ್ರಾಂತದ ಭೂಮಾಪನಕ್ಕೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪ ಕೊಟ್ಟರು. ಅದರ ನಿಯಮಗಳನ್ನು ಒಟ್ಟುಗೂಡಿಸಿದ ಜಂಟಿ ವರದಿ ಬಂದದ್ದು 1847ರಲ್ಲಿ. ಹೊಲಕ್ಕೊಂದು ಸರ್ವೆ ನಂಬರು, ಅದಕ್ಕೊಂದು ಆಕಾರ, ಮೂವತ್ತು ವರ್ಷಗಳವರೆಗೆ ಬದಲಾಗದ ಕಂದಾಯ ಎಂಬ ಕ್ರಮ ಹೀಗೆ ನೆಲೆಗೊಂಡಿತು. 1903ರ ಕಾಯಿದೆಯಿಂದ ಹಕ್ಕು ದಾಖಲೆಯ ಪದ್ಧತಿ ಬಂತು. ಅಂದಿನಿಂದ ಹೊಲ ಕೈ ಬದಲಾದಾಗಲೆಲ್ಲ ಅದು ವಾರಸಾ, ವಾಟ್ನಿ, ಖರೀದಿ, ಬಕ್ಷೀಸು ಇವುಗಳಲ್ಲಿ ಯಾವುದರಿಂದ ಎಂಬುದು ನಮೂದಾಗತೊಡಗಿತು. ಸತ್ತವರ ಹೆಸರು, ಉಳಿದ ಮಕ್ಕಳ ಹೆಸರು, ಪಾಲಿನ ಕ್ಷೇತ್ರ ಎಲ್ಲವೂ ಆ ನಮೂದುಗಳಲ್ಲಿವೆ. ಆದ್ದರಿಂದ ಸಾಮಾನ್ಯ ರೈತನೊಬ್ಬ ಇಂದಿನ ಉತಾರದಿಂದ ಹಿಂದೆ ಹಿಂದೆ ಹೋದರೆ ನಾಲ್ಕು, ಐದು ತಲೆಮಾರುಗಳನ್ನು ಕಾಗದದ ಮೇಲೆ ಕಾಣಬಹುದು. ಹಾನಗಲ್ಲ ಕದಂಬರ ಶಾಸನಗಳು ಅದಕ್ಕಿಂತ ಎಷ್ಟೋ ಹಿಂದಿನವು. ಆದರೆ ಅವು ಅರಸರ, ದೇವಸ್ಥಾನಗಳ, ದತ್ತಿಯ ಸಂಗತಿ ಹೇಳುತ್ತವೆಯೇ ಹೊರತು ನಮ್ಮ ತರಗತಿಯ ಹುಡುಗನ ಮುತ್ತಜ್ಜನ ಹೆಸರು ಹೇಳುವುದಿಲ್ಲ.

ಹಾನಗಲ್ಲ: ನನ್ನ ಪಾಠ, ನನ್ನ ತಪ್ಪು

ಹಾನಗಲ್ಲ ತಾಲೂಕಿನ ಶಾಲೆಯಲ್ಲಿ ಹಿಂದಿನ ದಿನವೇ ಮಕ್ಕಳಿಗೆ, “ನಾಳೆ ಎಲ್ಲಾರೂ ಮನಿಯಿಂದ ಹೊಲದ ಉತಾರ ತರ್ರಿ” ಎಂದು ಹೇಳಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಂದಿದ್ದರು. ನನಗೆ ಸಂತೋಷವಾಯಿತು. ಮುಂದಿನ ಬೆಂಚಿನ ಹುಡುಗನ ಉತಾರವನ್ನೇ ಕೈಗೆತ್ತಿಕೊಂಡು ಒಂದೊಂದೇ ಕಾಲಂ ಓದುತ್ತ ಹೋದೆ. ಸರ್ವೆ ನಂಬರು, ಹಿಸ್ಸೆ, ಕ್ಷೇತ್ರ, ಕಾಲಂ 9ರಲ್ಲಿ ಹಕ್ಕುದಾರರ ಹೆಸರು, ಕಾಲಂ 10ರಲ್ಲಿ ಹಕ್ಕು ಬಂದ ರೀತಿ. ಅದೇ ಓಟದಲ್ಲಿ ಕಾಲಂ 11ನ್ನೂ ಓದಿಬಿಟ್ಟೆ. ಅದು ಋಣಗಳ ಕಾಲಂ. ಸಾಲ ಕೊಟ್ಟ ಸಂಸ್ಥೆಯ ಹೆಸರು, ಬೋಜಾದ ಮೊತ್ತ ನನ್ನ ಬಾಯಿಂದ ತರಗತಿಗೆಲ್ಲ ಕೇಳಿಸಿತು. ಹುಡುಗ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ ನಕ್ಕರು.

ಮರುದಿನ ಅವನು ಶಾಲೆಗೆ ಬರಲಿಲ್ಲ. ತರಗತಿ ಶಿಕ್ಷಕರೊಂದಿಗೆ ಅವನ ಮನೆಗೆ ಹೋದೆ. ಅವನ ತಂದೆ ಸಿಟ್ಟಾಗಲಿಲ್ಲ. ಕುಳ್ಳಿರಿಸಿ ಚಹಾ ಕೊಟ್ಟರು. “ಸಾಲ ಯಾರಿಗಿಲ್ರಿ ಸರ. ಆದ್ರ ಹುಡುಗ್ರ ಮುಂದ ಓದಬಾರದಿತ್ರಿ” ಎಂದರು. ನಾನು ತಪ್ಪಾಯಿತೆಂದು ಹೇಳಿದೆ. ಬೇರೆ ಹೇಳುವುದು ಏನೂ ಇರಲಿಲ್ಲ.

ಎರಡನೆಯ ತಪ್ಪು ಪಾಠ ಮುಗಿದ ಮೇಲೆ ಗೊತ್ತಾಯಿತು. ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದಳು: “ನಮ್ಮ ಮನ್ಯಾಗ ಉತಾರ ಇಲ್ರಿ ಸರ. ನಮ್ಮಪ್ಪ ಮಂದಿ ಹೊಲಕ್ಕ ಕೂಲಿಗೆ ಹೋಗ್ತಾನ್ರಿ. ನಾ ಏನ್ ತರ್ಬೇಕ್ರಿ?” ನಾನು “ಇರಲಿ ಬಿಡವಾ, ನೀ ಬಾಜೂಕಿನ ಹುಡುಗೀದು ನೋಡು” ಎಂದೆ. ಅವಳು ಹೂಂ ಎಂದು ಹೋದಳು. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಆಧಾರವೆಂದರೆ ಉತಾರ ಎಂದು ನಾನೇ ಕಲಿಸಿದಂತಾಗಿತ್ತು. ಹೊಲವಿಲ್ಲದ ಮನೆತನಕ್ಕೆ ಇತಿಹಾಸವಿಲ್ಲ ಎಂಬುದು ಅದರ ಮುಂದಿನ ಮಾತು. ನಾನು ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ತಲುಪಿತ್ತು.

ಶಿಗ್ಗಾಂವಿ: ಮಾದರಿ ದಾಖಲೆ

ಶಿಗ್ಗಾಂವಿಯ ಪಾಠಕ್ಕೆ ಮಕ್ಕಳ ಮನೆಯ ಉತಾರ ಬೇಡವೆಂದು ನಿರ್ಧರಿಸಿದೆವು. ಪ್ರಶಿಕ್ಷಣಾರ್ಥಿನಿಯೂ ನಾನೂ ಕುಳಿತು ಒಂದು ಕಾಲ್ಪನಿಕ ಮನೆತನದ ನಮೂದುಗಳನ್ನು ರಚಿಸಿದೆವು. ಊರು, ಅಡ್ಡಹೆಸರು ಯಾವುದೂ ಇಲ್ಲ.

1931: ಸರ್ವೆ ನಂಬರು 45, ಕ್ಷೇತ್ರ 6 ಎಕರೆ 30 ಗುಂಟೆ, ಬಸಪ್ಪ ನಿಂಗಪ್ಪ.
1962: ಬಸಪ್ಪ ನಿಂಗಪ್ಪ ಮೃತ. ಮಕ್ಕಳಾದ ನಿಂಗಪ್ಪ, ಫಕ್ಕೀರಪ್ಪ, ಯಲ್ಲಪ್ಪ ಇವರ ಹೆಸರಿಗೆ ವಾರಸಾ. ಮುಂದೆ ವಾಟ್ನಿಯಾಗಿ ಹಿಸ್ಸೆ 45/1, 45/2, 45/3.
1988: ಹಿಸ್ಸೆ 45/1, ನಿಂಗಪ್ಪ ಬಸಪ್ಪ ಮೃತ. ಮಕ್ಕಳಾದ ಬಸಪ್ಪ ನಿಂಗಪ್ಪ, ಮಲ್ಲಪ್ಪ ನಿಂಗಪ್ಪ ಇವರ ಹೆಸರಿಗೆ ವಾರಸಾ.

ಮೊದಲ ಪ್ರಶ್ನೆ: 1931ರ ಬಸಪ್ಪ ನಿಂಗಪ್ಪ, 1988ರ ಬಸಪ್ಪ ನಿಂಗಪ್ಪ ಇಬ್ಬರೂ ಒಬ್ಬರೇ ಏನು? ತರಗತಿಯ ಬಹುಪಾಲು ಮಕ್ಕಳು ಹೌದೆಂದರು. ಹೆಸರು ಅದೇ, ತಂದೆಯ ಹೆಸರು ಅದೇ, ಹೊಲವೂ ಅದೇ. ಒಬ್ಬ ಹುಡುಗ ಎದ್ದು, “ಅಂವ 1962ರಾಗs ಸತ್ತಾನಲ್ರಿ ಟೀಚರ್” ಎಂದ. ಇನ್ನೊಬ್ಬಳು, “ಮೊಮ್ಮಗಗ ಅಜ್ಜನ ಹೆಸರು ಇಟ್ಟಾರ್ರಿ” ಎಂದಳು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯಿಂದ ದಾಖಲೆಗಳಲ್ಲಿ ಒಂದು ತಲೆಮಾರು ಬಿಟ್ಟು ಒಂದರಲ್ಲಿ ಹೆಸರು ಮರುಕಳಿಸುತ್ತದೆ. ಒಂದೇ ದಾಖಲೆ ನೋಡಿದರೆ ಇಬ್ಬರು ಒಬ್ಬರಾಗಿಬಿಡುತ್ತಾರೆ. ಎರಡು ದಾಖಲೆಗಳನ್ನು ಜೋಡಿಸಿ ನೋಡಬೇಕೆಂಬ ಪಾಠ ವಿವರಣೆ ಇಲ್ಲದೆಯೇ ತಲುಪಿತು.

ಎರಡನೆಯ ಪ್ರಶ್ನೆ ಗಣಿತದ್ದು. ಎಕರೆಗೆ 40 ಗುಂಟೆ. 6 ಎಕರೆ 30 ಗುಂಟೆ ಎಂದರೆ 270 ಗುಂಟೆ. ಮೂವರು ಅಣ್ಣತಮ್ಮಂದಿರಿಗೆ 90 ಗುಂಟೆಯಂತೆ, ಅಂದರೆ 2 ಎಕರೆ 10 ಗುಂಟೆ. ಅದು ಇಬ್ಬರಿಗೆ ಹಂಚಿದಾಗ 45 ಗುಂಟೆ, 1 ಎಕರೆ 5 ಗುಂಟೆ. ಮುಂದೆ ಮತ್ತೆ ಇಬ್ಬರಾದರೆ 22 ಗುಂಟೆ 8 ಆಣೆ. ಲೆಕ್ಕ ಮುಗಿದಾಗ ತರಗತಿ ಸುಮ್ಮನಾಯಿತು. ಅನೇಕರ ಮನೆಯ ಕಥೆ ಅದೇ ಆಗಿತ್ತು, ಆದರೆ ಯಾರ ಮನೆಯದೂ ಹೆಸರು ಹಿಡಿದು ಬಂದಿರಲಿಲ್ಲ.

ಮೂರನೆಯ ಪ್ರಶ್ನೆ ಯೋಜನೆಯಲ್ಲಿ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಟೀಚರ್, ಇವರಿಗ್ಯಾರಿಗೂ ಹೆಣ್ಣಮಕ್ಕಳು ಹುಟ್ಟಿಲ್ಲೇನ್ರಿ?” ಪ್ರಶಿಕ್ಷಣಾರ್ಥಿನಿ ಒಂದು ಕ್ಷಣ ತಡೆದು, “ಹುಟ್ಟಿರಬೇಕು, ಹಂಗಾದ್ರ ಅವರ ಹೆಸರು ಯಾಕಿಲ್ಲ?” ಎಂದು ಪ್ರಶ್ನೆಯನ್ನು ತರಗತಿಗೇ ಮರಳಿಸಿದರು. ಉತ್ತಮ ಬೋಧನೆ ಎಂದು ನನ್ನ ವೀಕ್ಷಣಾ ಪುಸ್ತಕದಲ್ಲಿ ಬರೆದ ಕ್ಷಣ ಅದು. ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಪಾಲುದಾರರನ್ನಾಗಿ ಮಾಡಿದ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ ಅನ್ವಯಿಸಿ 2005ರಲ್ಲಿ ಬಂತು ಎಂಬುದನ್ನು ಅವರು ಅಲ್ಲಿ ಸೇರಿಸಿದರು. ಹಳೆಯ ದಾಖಲೆಯಲ್ಲಿ ಹೆಣ್ಣು ಕಾಣುವುದು ಹೆಚ್ಚಾಗಿ ವಿಧವೆಯಾಗಿ, ಇಲ್ಲವೆ ಅಪ್ರಾಪ್ತ ಮಗನ ಪಾಲಕಿಯಾಗಿ. ದಾಖಲೆಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ವ್ಯಕ್ತಿ ಇರಲಿಲ್ಲ ಎಂದರ್ಥವಲ್ಲ ಎಂಬ ವಾಕ್ಯವನ್ನು ಮಕ್ಕಳು ತಾವೇ ಹೇಳಿದರು.

ಸವಣೂರು: ಲಿಪಿ ಮತ್ತು ಆಡಳಿತ

ಸವಣೂರಿನಲ್ಲಿ ಪ್ರಶಿಕ್ಷಣಾರ್ಥಿ ಪಾಠವನ್ನು ನಕ್ಷೆಯಿಂದ ಆರಂಭಿಸಿದರು. ಇಂದಿನ ತಾಲೂಕಿನ ಹೆಸರು ಹಿಡಿದು ಹಳೆಯ ಕಾಗದ ಹುಡುಕಿದರೆ ಸಿಗುವುದಿಲ್ಲ. ಶಿಗ್ಗಾಂವಿ ಕೇಂದ್ರವಾಗಿದ್ದ ತಾಲೂಕಿಗೆ ಬ್ರಿಟಿಷರ ಕಾಲದಲ್ಲಿ ಬಂಕಾಪುರ ಎಂದು ಹೆಸರು. ಹಿರೇಕೆರೂರಿನದಕ್ಕೆ ಕೋಡ ತಾಲೂಕು ಎನ್ನುತ್ತಿದ್ದರು. 1884ರ ಧಾರವಾಡ ಗೆಜೆಟಿಯರಿನಲ್ಲಿ ಈ ಹೆಸರುಗಳೇ ಇವೆ. ಸವಣೂರು ಸಂಸ್ಥಾನದ ಹಳ್ಳಿಯಾದರೆ 1948ಕ್ಕಿಂತ ಹಿಂದಿನ ಆಡಳಿತವೇ ಬೇರೆ. ಹೀಗಾಗಿ ‘ನಮ್ಮ ಊರು ಆಗ ಯಾರ ಕೈಯಲ್ಲಿತ್ತು?’ ಎಂಬುದು ಪೂರ್ವಜರನ್ನು ಹುಡುಕುವವರ ಮೊದಲ ಪ್ರಶ್ನೆಯಾಗಬೇಕು.

ಎರಡನೆಯದು ಲಿಪಿಯ ತೊಡಕು. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಎಷ್ಟೋ ಮರಾಠಿಯವು, ಮೋಡಿ ಲಿಪಿಯಲ್ಲಿ ಬರೆದವು. ಆ ತರಗತಿಯ ಒಬ್ಬ ಹುಡುಗ ತನ್ನ ಮನೆಯಲ್ಲಿದ್ದ ಉರ್ದು ಕಾಗದವೊಂದರ ಮೊದಲ ಎರಡು ಸಾಲುಗಳನ್ನು ಅಜ್ಜನ ಅನುಮತಿ ಪಡೆದು ನಕಲು ಮಾಡಿಕೊಂಡು ಬಂದಿದ್ದ. ಇನ್ನೊಬ್ಬ ಹುಡುಗ ಅದನ್ನು ಓದಿ ಕನ್ನಡದಲ್ಲಿ ಹೇಳಿದ. ಸಾಮಾನ್ಯವಾಗಿ ಕನ್ನಡ ಓದಿನಲ್ಲಿ ಹಿಂದೆ ಬೀಳುತ್ತಿದ್ದ ಹುಡುಗ ಅವನು ಎಂದು ತರಗತಿ ಶಿಕ್ಷಕರು ಆಮೇಲೆ ತಿಳಿಸಿದರು. ಆ ದಿನ ತರಗತಿಗೆ ಅವನು ಬೇಕಾದ. ಭಾಷೆ ಬಲ್ಲವನಿಲ್ಲದೆ ಆಧಾರ ಮೂಕ ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾವು ಕಲಿಸಲಾರೆವು.

ಹಿರೇಕೆರೂರು: ಹೆಳವರ ಹೊತ್ತಿಗೆ

ಹಿರೇಕೆರೂರಿನ ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಒಕ್ಕಲುತನದ ಮನೆಯವರು. ಅವರ ಮನೆಗೆ ಸುಗ್ಗಿಯ ನಂತರ ಹೆಳವರು ಬರುವುದುಂಟು. ಎತ್ತಿನ ಮೇಲೆ ಕುಳಿತು ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿ ಹೇಳುವುದು, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುವುದು, ಕಾಳುಕಡಿ ದಕ್ಷಿಣೆ ಪಡೆಯುವುದು ಅವರ ಪರಂಪರೆಯ ವೃತ್ತಿ. ಮೂಲ ಊರು ಯಾವುದು, ಅಲ್ಲಿಂದ ಯಾವ ಕವಲು ಎಲ್ಲಿಗೆ ಹೋಯಿತು, ಬೆಡಗು ಯಾವುದು ಎಂಬುದನ್ನು ಅವರು ರಾಗವಾಗಿ ಹೇಳುತ್ತಾರೆ. ಕಳೆದ ಸುಗ್ಗಿಯಲ್ಲಿ ಹೆಳವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದ ತಮ್ಮದೇ ಮನೆತನದ ಭಾಗವನ್ನು ಅವರು ತರಗತಿಗೆ ಕೇಳಿಸಿದರು.

ನಂತರ ತಮ್ಮ ಮನೆಯ ಹಳೆಯ ವಾರಸಾ ನಮೂದಿನ ಹೆಸರುಗಳನ್ನು ಹಲಗೆಯ ಒಂದು ಬದಿಗೆ, ಹೆಳವರು ಹೇಳಿದ ಹೆಸರುಗಳನ್ನು ಇನ್ನೊಂದು ಬದಿಗೆ ಬರೆದರು. ಮೂರು ತಲೆಮಾರು ಹೊಂದಿದವು. ನಾಲ್ಕನೆಯದರಲ್ಲಿ ಹೆಳವರು ನಾಲ್ವರು ಅಣ್ಣತಮ್ಮಂದಿರನ್ನು ಹೇಳಿದರೆ ಕಾಗದದಲ್ಲಿ ಮೂವರೇ ಇದ್ದರು. ಯಾವುದು ಸರಿ? ಮಕ್ಕಳ ಊಹೆಗಳು ಹೀಗಿದ್ದವು: ಒಬ್ಬ ಚಿಕ್ಕಂದಿನಲ್ಲೇ ತೀರಿಕೊಂಡಿರಬಹುದು, ದತ್ತಕ ಹೋಗಿರಬಹುದು, ಊರು ಬಿಟ್ಟಿರಬಹುದು, ಹೆಳವರ ನೆನಪು ತಪ್ಪಿರಬಹುದು. ಪ್ರಶಿಕ್ಷಣಾರ್ಥಿ ಯಾವುದನ್ನೂ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. “ಇದನ್ನ ತಿಳ್ಕೊಳ್ಳಾಕ ಇನ್ನ ಯಾವ ಆಧಾರ ನೋಡಬೇಕು?” ಎಂದಷ್ಟೇ ಕೇಳಿದರು. ಕಾಗದ ಹೊಲದ ಲೆಕ್ಕ ಇಡುತ್ತದೆ, ಹೆಳವರು ರಕ್ತಸಂಬಂಧದ ಲೆಕ್ಕ ಇಡುತ್ತಾರೆ. ಎರಡರ ಉದ್ದೇಶವೇ ಬೇರೆ. ಮೌಖಿಕ ಆಧಾರ ಲಿಖಿತಕ್ಕಿಂತ ಕೀಳು ಎಂಬ ಭಾವನೆ ಅಲ್ಲಿ ಸಡಿಲಾಯಿತು.

ಒಂದು ಹೋಲಿಕೆ: ಐರ್ಲೆಂಡ್

ಪಾಠದ ವಿಸ್ತರಣೆಗೆ ಐರ್ಲೆಂಡಿನ ಉದಾಹರಣೆ ಬಳಸಿದೆವು. 1922ರಲ್ಲಿ ಅಲ್ಲಿನ ಅಂತರ್ಯುದ್ಧದ ಆರಂಭದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ ಅಲ್ಲಿ ನಾಶವಾಯಿತು. ಆದ್ದರಿಂದ ಅಲ್ಲಿನ ರೈತ ಪೂರ್ವಜರನ್ನು ಹುಡುಕುವವರು ತೆರಿಗೆಯ ಕಾಗದಗಳಿಗೆ ಮೊರೆಹೋಗುತ್ತಾರೆ. ಅವುಗಳಲ್ಲಿ ಮುಖ್ಯವಾದದ್ದು 1847ರಿಂದ 1864ರವರೆಗೆ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನ. ಯಾವ ಜಮೀನನ್ನು ಯಾರು ಹಿಡಿದಿದ್ದರು, ಯಾರಿಂದ ಗೇಣಿಗೆ ಪಡೆದಿದ್ದರು ಎಂಬುದು ಅದರಲ್ಲಿದೆ. ವಿಂಗೇಟರ ಜಂಟಿ ವರದಿಯ ವರ್ಷವೂ 1847. ಎರಡೂ ಕಡೆ ಸರ್ಕಾರ ಕಂದಾಯಕ್ಕಾಗಿ ಬರೆದದ್ದು ಇಂದು ವಂಶವೃಕ್ಷಕ್ಕೆ ಆಧಾರವಾಗಿದೆ. ಎರಡೂ ಕಡೆ ತೆರಿಗೆಯ ಲೆಕ್ಕಕ್ಕೆ ಬಾರದ ಕೂಲಿಕಾರರು, ಯಜಮಾನರಲ್ಲದ ಹೆಂಗಸರು ಆ ಪಟ್ಟಿಯಿಂದ ಹೊರಗೇ ಉಳಿದಿದ್ದಾರೆ. ಹಾನಗಲ್ಲಿನ ಹುಡುಗಿಯ ಪ್ರಶ್ನೆ ಐರ್ಲೆಂಡಿನಲ್ಲೂ ಕೇಳಬಹುದಾದ ಪ್ರಶ್ನೆಯೇ.

ಹಾನಗಲ್ಲಿಗೆ ಮರಳಿ

ಮೂರು ಶಾಲೆಗಳ ಅನುಭವದ ನಂತರ ಹಾನಗಲ್ಲಿನ ಅದೇ ತರಗತಿಗೆ ಮತ್ತೊಂದು ಅವಧಿ ಕೇಳಿ ಪಡೆದೆ. ಈ ಬಾರಿ ಮಕ್ಕಳಿಗೆ ಹೇಳಿದ್ದು: “ನಿಮ್ಮ ಮನ್ಯಾಗ ಹಳೇ ಹೆಸರು ಇರೋ ಯಾವುದಾದ್ರೂ ಒಂದು ವಸ್ತು ನೋಡ್ಕೊಂಡು ಬರ್ರಿ. ಕಾಗದs ಆಗಬೇಕಂತಿಲ್ಲ. ಮನಿಯವರು ಬ್ಯಾಡ ಅಂದ್ರ ತರಬ್ಯಾಡ್ರಿ.”

ಮದುವೆಯ ಆಮಂತ್ರಣ, ಹಳೆಯ ರೇಷನ್ ಕಾರ್ಡು, ಗೋಡೆಯ ಮೇಲಿನ ಫೋಟೋದ ಹಿಂಬರಹ ಬಂದವು. ಅಜ್ಜಿಯ ಮುಂಗೈ ಮೇಲಿನ ಹಚ್ಚೆಯಲ್ಲಿದ್ದ ಹೆಸರನ್ನು ಒಬ್ಬಳು ಬರೆದುಕೊಂಡು ಬಂದಿದ್ದಳು. ಬಾಗಿಲಲ್ಲಿ ನಿಂತು ಕೇಳಿದ್ದ ಹುಡುಗಿ ಒಂದು ಹಿತ್ತಾಳೆ ತಂಬಿಗೆ ತಂದಿದ್ದಳು. ಅವಳ ಅಜ್ಜಿಯ ಮದುವೆಯಲ್ಲಿ ಆಯೇರಿಯಾಗಿ ಬಂದದ್ದು. ಕಂಠದ ಸುತ್ತ ಅಜ್ಜಿಯ ಹೆಸರು, ಕೊಟ್ಟ ಸೋದರಮಾವನ ಹೆಸರು, ಅವನ ಊರು, ಇಸವಿ ಕೊರೆದಿತ್ತು. ಊರು ಹಿರೇಕೆರೂರು ತಾಲೂಕಿನದು. ಒಬ್ಬ ಹೆಣ್ಣುಮಗಳ ಹೆಸರು, ತವರಿನ ಕಡೆಯ ಬಂಧು, ಕಾಲ, ಸ್ಥಳ ಎಲ್ಲವೂ ಒಂದೇ ವಸ್ತುವಿನಲ್ಲಿ ಸಿಕ್ಕಿದ್ದು ಆ ತರಗತಿಯಲ್ಲಿ ಅದೊಂದರಲ್ಲೇ. ಉತಾರ ತಂದಿದ್ದ ಮಕ್ಕಳು ತಂಬಿಗೆಯನ್ನು ಕೈಯಿಂದ ಕೈಗೆ ದಾಟಿಸಿ ಓದಿದರು.

ಅವಳು ಇನ್ನೊಂದು ಮಾತನ್ನೂ ಹೇಳಿದಳು: “ನಮ್ಮಜ್ಜ ಮದ್ಲ ಒಂದ್ ಹೊಲಾ ಲಾವಣಿಗೆ ಮಾಡ್ತಿದ್ನಂತ್ರಿ. ಅಜ್ಜಿ ಹೇಳ್ತಾಳ್ರಿ.” ಯಾವ ಹೊಲ, ಯಾರದು ಎಂದು ನಾನು ಕೇಳಲಿಲ್ಲ. ಹಲಗೆಯ ಮೇಲೆ ‘ಮೌಖಿಕ ಆಧಾರ’ ಎಂಬ ಶೀರ್ಷಿಕೆಯ ಕೆಳಗೆ ಅವಳ ಮಾತನ್ನು ಬರೆದೆ. ಉಳುವವನೇ ಒಡೆಯ ಎಂಬ ತತ್ವದ ಭೂಸುಧಾರಣೆ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾದದ್ದು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಹೋಗಬೇಕಾಗಿದ್ದದ್ದು ಇವನ್ನು ವಿವರಿಸಿದೆ. ಅರ್ಜಿ ಹಾಕಿದವರಿದ್ದರು, ಹಾಕದವರೂ ಇದ್ದರು ಎಂದೆ. “ಹಂಗಾದ್ರ ಅಜ್ಜಿ ಹೇಳಿದ್ದು ಇತಿಹಾಸಕಾರ ಹೆಂಗ್ ಪರೀಕ್ಷೆ ಮಾಡ್ತಾನ?” ಎಂದಾಗ, ಸಾಲದ ಕಾಲಂ ಓದಿಸಿಕೊಂಡು ನೊಂದಿದ್ದ ಹುಡುಗನೇ ಕೈ ಎತ್ತಿದ: “ಹಳೇ ಉತಾರದಾಗ ಸಾಗುವಳಿ ಮಾಡಿದವರ ಕಾಲಂ ನೋಡ್ಬೇಕ್ರಿ.” ಕಾಲಂ 12 ಅದು. ನಾನು ಅಲ್ಲಿಗೆ ಪಾಠ ನಿಲ್ಲಿಸಿದೆ.

ಪರಿಷ್ಕೃತ ಪಾಠಯೋಜನೆಯ ಹಂತಗಳು

1. ತೊಡಗಿಸಿಕೊಳ್ಳುವಿಕೆ (5 ನಿಮಿಷ): ಹೆಸರು ಕೊರೆದ ಪಾತ್ರೆಯೊಂದನ್ನು ಶಿಕ್ಷಕರು ತಮ್ಮ ಮನೆಯಿಂದ ತಂದು ತೋರಿಸುವುದು.
2. ಅನ್ವೇಷಣೆ (15 ನಿಮಿಷ): ಗುಂಪುಗಳಲ್ಲಿ ಕಾಲ್ಪನಿಕ ಮನೆತನದ ನಮೂದುಗಳಿಂದ ವಂಶವೃಕ್ಷ ರಚನೆ ಮತ್ತು ಪಾಲಿನ ಲೆಕ್ಕ.
3. ವಿವರಣೆ (10 ನಿಮಿಷ): ಲಿಖಿತ, ಪುರಾತತ್ವ, ಮೌಖಿಕ ಎಂಬ ವರ್ಗೀಕರಣವನ್ನು ಮಕ್ಕಳು ನೋಡಿದ ವಸ್ತುಗಳಿಂದಲೇ ತೆಗೆಯುವುದು.
4. ವಿಸ್ತರಣೆ (5 ನಿಮಿಷ): ಈ ದಾಖಲೆಯಲ್ಲಿ ಯಾರು ಇಲ್ಲ? ಏಕೆ ಇಲ್ಲ?
5. ಮೌಲ್ಯಮಾಪನ (5 ನಿಮಿಷ): ಒಂದು ಆಧಾರ ಕೊಟ್ಟು, ಅದು ಹೇಳುವ ಎರಡು ಸಂಗತಿ, ಹೇಳದ ಒಂದು ಸಂಗತಿ ಬರೆಸುವುದು.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಮಕ್ಕಳ ಮನೆಯ ಉತಾರವನ್ನು ತರಗತಿಯಲ್ಲಿ ಓದಬೇಡಿ. ಅದು ಯಾರಿಗಾದರೂ ಸಿಗುವ ದಾಖಲೆಯೇ ನಿಜ, ಆದರೆ ಕಚೇರಿಯಲ್ಲಿ ಸಿಗುವುದು ಬೇರೆ, ಓರಗೆಯವರ ಮುಂದೆ ಓದುವುದು ಬೇರೆ.

ಶಾಲೆಯ ಹಳೆಯ ದಾಖಲಾತಿ ರಜಿಸ್ಟರು ಹೊಲವಿಲ್ಲದ ಮನೆತನಗಳಿಗೂ ಆಧಾರ. ಮುಖ್ಯೋಪಾಧ್ಯಾಯರ ಅನುಮತಿ ಇದ್ದರೆ ಮಾತ್ರ ಬಳಸಿ. ಜಾತಿಯ ಕಾಲಂ ಮಕ್ಕಳ ಕಣ್ಣಿಗೆ ಬೀಳಬಾರದು, ಬೇಕಾದ ಹೆಸರು ಮತ್ತು ಇಸವಿಗಳನ್ನಷ್ಟೇ ನೀವೇ ನಕಲು ಮಾಡಿಕೊಳ್ಳಿ. ಅದರಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1 ಎಂದಿರುತ್ತದೆ. ಹುಟ್ಟಿದ ದಿನ ಗೊತ್ತಿಲ್ಲದಾಗ ಗುರುಗಳು ಶಾಲೆ ತೆರೆಯುವ ದಿನವನ್ನೇ ಬರೆದುಕೊಂಡದ್ದು ಅದು. ಲಿಖಿತ ಆಧಾರವೂ ತಪ್ಪಿರಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಹೊಲದ ವ್ಯಾಜ್ಯಗಳು ತರಗತಿಗೆ ಬರುವ ಸಂಭವವಿದೆ. ಶಿಕ್ಷಕರು ನ್ಯಾಯ ಹೇಳಲು ಹೋಗಬಾರದು. ಪರೀಕ್ಷಿಸುವ ಕ್ರಮ ಕಲಿಸುವುದಷ್ಟೇ ನಮ್ಮ ಕೆಲಸ.

ಕೊನೆಯದಾಗಿ, ಮನೆಯಿಂದ ಏನಾದರೂ ತರಲು ಹೇಳುವ ಮೊದಲು, ಅದು ಇಲ್ಲದ ಮಗು ತರಗತಿಯಲ್ಲಿ ಯಾರಿರಬಹುದು ಎಂದು ಯೋಚಿಸಿ. ಪಾಠಯೋಜನೆಯ ‘ಬೋಧನೋಪಕರಣಗಳು’ ಎಂಬ ಸಾಲಿನ ಪಕ್ಕದಲ್ಲಿ ಈ ಪ್ರಶ್ನೆಯನ್ನು ಈಗ ನಾನು ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಪ್ರಶಿಕ್ಷಣಾರ್ಥಿಗಳ ಯೋಜನೆಗಳನ್ನು ತಿದ್ದುವಾಗಲೂ ಅದನ್ನೇ ಮೊದಲು ಕೇಳುತ್ತೇನೆ.